ಮೇಣದ ನಟುವ

ಜೇನುಹುಳಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಇಪ್ಪತ್ತು ವರ್ಷ ಓದಿ, ಕನ್ನಡಕದ ನಂಬರು ಮೂರು ಸಲ ಏರಿಸಿಕೊಂಡು ನಾನು ತಿಳಿದುಕೊಂಡ ಈ ಸಂಗತಿಯನ್ನು ಮುತ್ತಲಗೇರಿಯ ದಾವಲಬಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಹೇಳಿ ಮುಗಿಸಿದ್ದರು.

"ಹೂವು ಇದ್ರ ಐತಿ ಅಂತಾವ, ಇಲ್ಲಂದ್ರ ಸುಮ್ನ ಕುಂದರ್ತಾವ. ಅವು ನಮ್ಮಂಗ ಅಲ್ರಿ ಅಕ್ಕಾರ."

'ನಮ್ಮಂಗ' ಅಂದಾಗ ಅವರು ತಮ್ಮನ್ನೂ ಸೇರಿಸಿಕೊಂಡಿದ್ದರು. ಅದು ಅವರ ದೊಡ್ಡತನ. ಈ ಕಥೆಯಲ್ಲಿ ಸುಳ್ಳು ಹೇಳಿದವರ ಪಟ್ಟಿ ಮಾಡಿದರೆ ಅವರ ಹೆಸರು ಎಲ್ಲೂ ಬರುವುದಿಲ್ಲ. ನನ್ನದು ಬರುತ್ತದೆ.

ನಾನು ಇಂದುಮತಿ ಕಲಕೇರಿ, ಜೇನುಭಾಷಾ ಕೇಂದ್ರ ಎಂಬ ಸಂಸ್ಥೆಯಲ್ಲಿ ಸಂಶೋಧಕಿಯಾಗಿದ್ದವಳು. ಹೆಸರು ದೊಡ್ಡದು, ಸಂಸ್ಥೆ ಸಣ್ಣದು. ಹಾವೇರಿ ಸೀಮೆಯ ಬೀಜದ ಹೊಲಗಳ ನಡುವೆ, ಮುಚ್ಚಿಹೋದ ಜಿನ್ನಿಂಗ್ ಕಾರ್ಖಾನೆಯೊಂದರ ಹತ್ತಿ ಗೋದಾಮೇ ನಮ್ಮ ಪ್ರಯೋಗಶಾಲೆ. ಫ್ಯಾನು ಹಾಕಿದರೆ ಎಲ್ಲಿಂದಲೋ ಹಳೆಯ ಹತ್ತಿಯ ಎಳೆ ಹಾರಿ ಬಂದು ಕಂಪ್ಯೂಟರಿನ ಮೇಲೆ ಕೂರುತ್ತಿತ್ತು. ದಾವಲಬಿ ಅಲ್ಲಿಂದ ಮೂರು ಮೈಲಿ ದೂರದ ಊರಿನವರು. ಅರವತ್ತು ದಾಟಿದ ಹೆಂಗಸು, ಒಂಟಿ ಜೀವ, ನಲವತ್ತು ಪೆಟ್ಟಿಗೆ ತುಡುವೆ ಜೇನು. ಆ ಜೇನಿನ ಮೂಲ ಕುಟುಂಬವನ್ನು ಅವರ ಅತ್ತೆ ಬಂಕಾಪುರದ ಕೋಟೆಗೋಡೆಯ ಬಿರುಕಿನಿಂದ ಮಣ್ಣಿನ ಗಡಿಗೆಯಲ್ಲಿ ಹಿಡಿದು ತಂದಿದ್ದರಂತೆ. ಅತ್ತೆ ತೀರಿಕೊಂಡ ಮೇಲೂ ಆ ಮೊದಲ ಕುಟುಂಬದ ಪೆಟ್ಟಿಗೆಯನ್ನು ಎಲ್ಲೂ ತಿರುಗಿಸದೆ ಹಿತ್ತಲ ಗೋಡೆಯ ಪಕ್ಕದಲ್ಲೇ ಇಟ್ಟಿದ್ದರು. ಅದಕ್ಕೆ 'ಅತ್ತಿ ಪೆಟಿಗಿ' ಎಂದೇ ಹೆಸರು. ಉಳಿದವೆಲ್ಲ ಹೂವಿನ ಹಿಂದೆ ಟೆಂಪೋದಲ್ಲಿ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದವು.

ದಾವಲಬಿಗೆ ಅಕ್ಷರ ಓದಲು ಬರುತ್ತಿರಲಿಲ್ಲ. ಜೇನಿನ ಕುಣಿತ ಓದಲು ಬರುತ್ತಿತ್ತು. ಹೂವು ಕಂಡು ಬಂದ ಹುಳ ಗೂಡಿನೊಳಗಿನ ಮೇಣದ ತಟ್ಟಿಯ, ಅಂದರೆ ಎರಿಯ ಮೇಲೆ ಹೊಟ್ಟೆ ಅಲುಗಿಸುತ್ತ ಒಂದು ಗೆರೆ ಓಡುತ್ತದೆ, ಸುತ್ತಿ ಬಂದು ಮತ್ತೆ ಅದೇ ಗೆರೆ ಓಡುತ್ತದೆ. ಗೆರೆ ನೆಟ್ಟಗೆ ಮೇಲಕ್ಕಿದ್ದರೆ ಸೂರ್ಯನ ದಿಕ್ಕಿಗೆ ಹಾರಿ ಎಂದರ್ಥ. ಬಲಕ್ಕೆ ವಾಲಿದರೆ ಸೂರ್ಯನಿಂದ ಅಷ್ಟೇ ಬಲಕ್ಕೆ. ಎಷ್ಟು ಹೊತ್ತು ಅಲುಗಿತೋ ಅಷ್ಟು ದೂರ. ನಾವು ಇದನ್ನು ಕ್ಯಾಮೆರಾ ಇಟ್ಟು ಲೆಕ್ಕ ಹಾಕುತ್ತಿದ್ದೆವು. ದಾವಲಬಿ ಮುಚ್ಚಳ ತೆಗೆದು, ಒಂದು ಎರಿ ಎತ್ತಿ, ಸೂರ್ಯನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಕೆಂಚಪ್ಪನ ಹೊಲದಾಗಿನ ಕೊತ್ತಂಬರಿ" ಎಂದುಬಿಡುತ್ತಿದ್ದರು. ಹೋಗಿ ನೋಡಿದರೆ ಅಲ್ಲಿ ಹುಳ ಮುತ್ತಿರುತ್ತಿದ್ದವು.

ನಮ್ಮ ಯಂತ್ರಕ್ಕೆ ಕಲಿಸಿದ ಪದಕೋಶವೆಲ್ಲ ಆ ಹಿತ್ತಲಿನಲ್ಲಿ, ಅವರ ಬಾಯಿಂದಲೇ ಬಂತು. ಎರಡು ವರ್ಷ ಅವರು ಹೇಳಿದರು, ನಾನು ಬರೆದುಕೊಂಡೆ. ಚಹಾದಿಂದ ಶುರುವಾದದ್ದು ಊಟದವರೆಗೆ ಬಂತು. 'ಅಕ್ಕಾರ' ಎನ್ನುತ್ತಿದ್ದವರು ಯಾವಾಗಲೋ 'ತಂಗಿ' ಎನ್ನತೊಡಗಿದರು, ನಾನು 'ಚಾಚಿ' ಎನ್ನತೊಡಗಿದೆ. ಅವರು ಬರಿಗೈಯಲ್ಲಿ ಹುಳಗಳ ನಡುವೆ ಆಡುತ್ತಿದ್ದರು. ನಾನು ಮಾತ್ರ ಎಂದೂ ಕೈಗವಸು, ಮುಖಪರದೆ ಇಲ್ಲದೆ ಪೆಟ್ಟಿಗೆ ಮುಟ್ಟಿದವಳಲ್ಲ. ಎರಡು ಸಲ ಕಚ್ಚಿಸಿಕೊಂಡಾಗಲೇ ನನ್ನ ಜೇನುಪ್ರೇಮ ಎಷ್ಟರದ್ದು ಎಂಬುದು ನನಗೆ ತಿಳಿದುಹೋಗಿತ್ತು.

ಇನ್ನೆರಡು ಸಂಗತಿ ಹೇಳಿಬಿಟ್ಟರೆ ವಿಜ್ಞಾನದ ಪಾಠ ಮುಗಿಯಿತು, ಹೆದರಬೇಡಿ. ಒಂದು, ಕುಣಿತ ಹುಟ್ಟಿನಿಂದಲೇ ಪೂರ್ತಿ ಬರುವ ವಿದ್ಯೆಯಲ್ಲ. ಎಳೆಯ ಹುಳ ಹಿರಿಯರ ಬೆನ್ನು ಹತ್ತಿ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಕಲಿಯುತ್ತದೆ. ಹಿರಿಯರಿಲ್ಲದೆ ಬೆಳೆದ ಹುಳವೂ ಕುಣಿಯುತ್ತದೆ, ಆದರೆ ಅದು ಹೇಳುವ ದಾರಿ ತಪ್ಪು. ಎರಡು, ಜೇನಿನ ಭಾಷೆಯಲ್ಲಿ 'ಬೇಡ' ಎಂಬ ಮಾತೂ ಒಂದಿದೆ. ಒಂದು ಹೂವಿನಲ್ಲಿ ಅಪಾಯ ಕಂಡು ಬಂದ ಹುಳ, ಅದೇ ಹೂವಿಗೆ ಕರೆಯುತ್ತಿರುವ ಹುಳಕ್ಕೆ ತಲೆಯಿಂದ ಡಿಕ್ಕಿ ಕೊಟ್ಟು ಸಣ್ಣಗೆ ಸದ್ದು ಮಾಡುತ್ತದೆ. ಕುಣಿಯುತ್ತಿದ್ದುದು ನಿಂತುಬಿಡುತ್ತದೆ. ದಾವಲಬಿ ಇದನ್ನು 'ಗುದ್ದು' ಎನ್ನುತ್ತಿದ್ದರು. ನೆಮ್ಮದಿಯ ಗೂಡಿನಲ್ಲಿ ದಿನಕ್ಕೆ ನಾಲ್ಕೋ ಐದೋ ಗುದ್ದು ಕಂಡರೆ ಹೆಚ್ಚು.

ಅವುಗಳ ಮಾತು ನಮಗೆ ತಿಳಿಯುತ್ತದೆ. ನಾವೇ ಅವುಗಳ ಮಾತಾಡಿದರೆ? ಈ ಪ್ರಶ್ನೆಗೆ ಹುಟ್ಟಿದವನು ನಟುವ. ನಾಟ್ಯ ಕಲಿಸುವವನ ಹೆಸರನ್ನು ಅದಕ್ಕೆ ಇಟ್ಟವಳು ನಾನೇ. ತೆಳುವಾದ ಉಕ್ಕಿನ ತಂತಿಯ ತುದಿಯಲ್ಲಿ ಹುಳದಷ್ಟೇ ಗಾತ್ರದ ಒಂದು ಗೊಂಬೆ. ಪೆಟ್ಟಿಗೆಯ ಬದಿಯ ಸೀಳಿನಿಂದ ಒಳಗೆ ಇಳಿಯುತ್ತದೆ, ಹೊಟ್ಟೆ ಅಲುಗಿಸುತ್ತದೆ, ರೆಕ್ಕೆಯ ಸದ್ದು ಹೊರಡಿಸುತ್ತದೆ, ಬಾಯಿಂದ ಒಂದು ಹನಿ ಸಿಹಿ ಕೊಡುತ್ತದೆ. ಉದ್ದೇಶ ಒಳ್ಳೆಯದೇ ಇತ್ತು. ಬೀಜದ ಹೊಲಗಳಿಗೆ ಔಷಧ ಹೊಡೆದ ದಿನ ಹುಳ ಅಲ್ಲಿಗೆ ಹೋಗಿ ಸಾಯುತ್ತವೆ. ಅಂಥ ದಿನ ನಟುವ ಬೇರೆ ಕಡೆಯ ನಿಜವಾದ ಹೂವಿನ ದಾರಿ ಹೇಳಿ ಅವನ್ನು ಅತ್ತ ಕಳಿಸಬೇಕು.

ಮೊದಲ ನಾಲ್ಕು ತಿಂಗಳು ಹುಳಗಳು ನಟುವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮುತ್ತಿ, ಕಚ್ಚಿ, ತಂತಿ ಬಾಗುವಷ್ಟು ಎಳೆದಾಡಿದವು. ಲೋಹದ ವಾಸನೆ, ಅಂಟಿನ ವಾಸನೆ ಅವಕ್ಕೆ ಆಗದು. ನಮ್ಮ ಪರದಾಟ ನೋಡಿ ದಾವಲಬಿ ನಕ್ಕರು.

"ಹೊಸಾ ಸೊಸಿನ್ನ ಹಿಂಗ ಒಳಗ ನೂಕತಾರೇನ ತಂಗಿ? ಮೊದ್ಲ ಮನಿ ವಾಸನಿ ಹತ್ತಬೇಕ."

ತಮ್ಮ ಪೆಟ್ಟಿಗೆಯದೇ ಮೇಣ ತಂದು, ಅಂಗೈಯಲ್ಲಿ ಅರ್ಧ ತಾಸು ನಾದಿ, ನಟುವನ ಮೈಗೆಲ್ಲ ತಾವೇ ಮೆತ್ತಿದರು. ಮೂವತ್ತು ವರ್ಷ ಆ ಹುಳಗಳು ಬಲ್ಲ ಕೈ ಅದು. ರೊಟ್ಟಿಯ ಹಿಟ್ಟು, ಒಲೆಯ ಹೊಗೆ, ಅವರ ಬೆವರು ಎಲ್ಲ ಆ ಮೇಣಕ್ಕೆ ಸೇರಿತು. ಹುಳಗಳು ಹತ್ತಿರ ಬಂದು ಮೂಸಿ ನೋಡಿದವು, ಸುಮ್ಮನಾದವು. ಕಾಲು ತಾಸಿನಲ್ಲಿ ನಾಲ್ಕು ಹುಳ ನಟುವನ ಹಿಂದೆ ಹೆಜ್ಜೆ ಹಾಕಿ, ಹೊರಗೆ ಹಾರಿ, ನಾವು ಹೇಳಿದ ಸೂರ್ಯಪಾನದ, ಅಂದರೆ ಸೂರ್ಯಕಾಂತಿಯ ಹೊಲಕ್ಕೇ ಹೋಗಿ ಕೂತವು. ಗೋದಾಮಿನಲ್ಲಿ ತೆರೆಯ ಮೇಲೆ ಅದನ್ನು ನೋಡಿ ನಾನು ಸಣ್ಣ ಹುಡುಗಿಯ ಹಾಗೆ ಕುಣಿದಾಡಿಬಿಟ್ಟೆ. ಮತ್ತೊಂದು ಜೀವ ನನ್ನ ಮಾತು ಕೇಳಿ, ನಂಬಿ, ಎದ್ದು ಹೊರಟಿತ್ತು. ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆ ಸಂಜೆ ದಾವಲಬಿ ಅತ್ತಿ ಪೆಟಿಗಿಯ ಎರಿಯಿಂದ ಒಂದು ತುಂಡು ಮುರಿದು ಎರಡು ಪಾಲು ಮಾಡಿದರು. ಒಂದನ್ನು ತಾವು ಬಾಯಿಗಿಟ್ಟು ಒಂದನ್ನು ನನಗೆ ಕೊಟ್ಟರು. ಅತ್ತೆ ಇವರಿಗೆ ಪೆಟ್ಟಿಗೆ ಒಪ್ಪಿಸಿದ ದಿನವೂ ಹೀಗೇ ಮಾಡಿದ್ದರಂತೆ.

"ಇದನ್ನ ತಿಂದ ಮ್ಯಾಲ ಪೆಟಿಗಿ ಮುಂದ ಸುಳ್ಳು ಆಡಬಾರದು. ಇಲ್ಲದ್ದನ್ನ ಐತಿ ಅಂತ ನಿನ್ನ ಗೊಂಬಿ ಕಡಿಂದ ಹೇಳಸಬ್ಯಾಡ ತಂಗಿ. ಅವಕ್ಕ ಸುಳ್ಳಂದ್ರ ಏನಂತ ಗೊತ್ತಿಲ್ಲ. ಒಮ್ಮಿ ಗೊತ್ತಾತಂದ್ರ ಮುಗೀತು."

"ಹೇಳಸಂಗಿಲ್ಲ ಚಾಚಿ. ನಿಮ್ಮಾಣಿ," ಅಂದೆ. ಬಾಯಲ್ಲಿ ಜೇನಿತ್ತು, ಮಾತು ಸಲೀಸಾಗಿ ಬಂತು.

"ಮತ್ತ, ಅತ್ತಿ ಪೆಟಿಗಿಗೆ ಮಾತ್ರ ನಿನ್ನ ಗೊಂಬಿ ಬ್ಯಾಡ. ಅದು ಮುದುಕಿ. ಅದಕ್ಕ ಈ ವಯಸ್ಸಿನಾಗ ಹೊಸಾ ಪಾಠ ಯಾಕ?"

ಆಗಲಿ ಅಂದೆ. ಆ ಒಂದು ಮಾತನ್ನು ಉಳಿಸಿಕೊಂಡಿದ್ದೇನೆ. ಹಾಗಂದುಕೊಂಡು ಬಹಳ ದಿನ ಸಮಾಧಾನಪಟ್ಟುಕೊಂಡೆ ಕೂಡ.

ಅತ್ತಿ ಪೆಟಿಗಿ ಬಿಟ್ಟು ಉಳಿದ ಪೆಟ್ಟಿಗೆಗೆಲ್ಲ ಒಂದೊಂದು ನಟುವ ಬಂದ, ಪ್ರತಿಯೊಬ್ಬನಿಗೂ ದಾವಲಬಿಯೇ ಮೇಣ ನಾದಿ ಮೆತ್ತಿದರು. ಮೊದಲ ವರ್ಷ ನಟುವ ಸತ್ಯವಂತನಾಗಿಯೇ ನಡೆದ. ಔಷಧ ಹೊಡೆಯುವ ದಿನ ಮುಂಚೆಯೇ ತಿಳಿಸಿ ಎಂದು ಸುತ್ತಲಿನ ಹೊಲದವರನ್ನು ಕೇಳಿಕೊಂಡಿದ್ದೆವು. ಹನ್ನೊಂದು ಸಲ ಹೊಡೆದರು, ಹನ್ನೊಂದು ಸಲವೂ ಹುಳಗಳು ಬೇರೆ ಹೂವಿಗೆ ಹೋಗಿ ಕ್ಷೇಮವಾಗಿ ಮರಳಿದವು. ದಾವಲಬಿ ಎಲ್ಲರೆದುರು "ನಮ್ಮ ತಂಗಿ ಹುಳದ ಜೋಡಿ ಮಾತಾಡ್ತಾಳ" ಎಂದು ಹೇಳಿಕೊಂಡು ತಿರುಗಿದರು. ನಾನು ಉಬ್ಬಿಹೋದೆ.

ಎರಡನೆಯ ವರ್ಷದ ಸಂಕ್ರಾಂತಿ ಕಳೆದ ಮೇಲೆ ನಮ್ಮ ನಿರ್ದೇಶಕರಾದ ಡಾಕ್ಟರ್ ಪ್ರಹ್ಲಾದ ಗುಡಗುಂಟಿಯವರು ನನ್ನನ್ನು ಕರೆಸಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಬೀಜದ ಕಂಪನಿಯೊಂದು ಆ ವರ್ಷ ದೊಡ್ಡ ಪ್ರಮಾಣದಲ್ಲಿ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ ಬೀಜ ಬೆಳೆಸಿತ್ತು. ಉಳ್ಳಾಗಡ್ಡಿಯ ಹೂವೆಂದರೆ ಹುಳಕ್ಕೆ ಅಷ್ಟಕ್ಕಷ್ಟೆ, ಅದರ ರಸ ಅವಕ್ಕೆ ರುಚಿಸುವುದಿಲ್ಲ. ಪಕ್ಕದಲ್ಲೇ ಕೊತ್ತಂಬರಿ, ಕುಸುಬಿ ಹೂವಾಗಿರುವಾಗ ಯಾರು ಅತ್ತ ತಿರುಗಿ ನೋಡುತ್ತಾರೆ? ಆದರೆ ಹುಳ ಕೂರದಿದ್ದರೆ ಬೀಜ ಕಟ್ಟುವುದಿಲ್ಲ. ಆದ್ದರಿಂದ ನಟುವ ಈಗ ಉಳ್ಳಾಗಡ್ಡಿಯ ಪರವಾಗಿ ಕುಣಿಯಬೇಕು, ಅದೂ ಬಲು ಉತ್ಸಾಹದಿಂದ, ಬಾಯಲ್ಲಿ ಗಟ್ಟಿ ಸಕ್ಕರೆಪಾಕ ಇಟ್ಟುಕೊಂಡು.

"ಅದು ಸುಳ್ಳಾಗ್ತದಲ್ಲ ಸರ್," ಅಂದೆ.

"ಸುಳ್ಳು ಹೆಂಗಾಗ್ತದ ಇಂದುಮತಿ? ಹೂವು ಅಲ್ಲಿ ಇದ್ದೇ ಅದ. ನಾವು ಚೂರು ಹೆಚ್ಚು ಹೊಗಳತೀವಿ, ಅಷ್ಟ. ಹೆಣ್ಣು ತೋರಿಸೋವಾಗ ಬರೇ ಖರೇನ ಹೇಳಿದ್ರ ಯಾರದರ ಮದುವಿ ಆಗ್ತದೇನು?"

"ಔಷಧ?"

"ಹೂವು ಮುಗಿಯೋತನಕ ಹೊಡಿಯೂದಿಲ್ಲಂತ ಬರದು ಕೊಟ್ಟಾರ. ಕಾಗದ ನನ್ನ ಕಡೆ ಅದ."

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಬೆದರಿಕೆ ಇರಲಿಲ್ಲ, ಬಲವಂತ ಇರಲಿಲ್ಲ. ನಟುವ ಹೇಳಿದರೆ ರುಚಿಯಿಲ್ಲದ ಹೂವಿಗೂ ಹೋಗುತ್ತವೆಯೇ ನೋಡೋಣ ಎಂಬ ಕುತೂಹಲ ನನ್ನೊಳಗೇ ಇತ್ತು. ಆಣೆಯಲ್ಲಿ 'ಇಲ್ಲದ್ದನ್ನ ಐತಿ' ಎನ್ನಬಾರದು ಎಂದಿತ್ತು, ಇದು ಇರುವ ಹೂವು ತಾನೇ ಎಂದು ವಕೀಲಿ ಮಾಡಿಕೊಂಡೆ. ಆ ಕುಣಿತ ಬರೆದವಳು ನಾನೇ, ಗುಂಡಿ ಒತ್ತಿದವಳೂ ನಾನೇ.

ಹೋದವು. ಎಳ್ಳಷ್ಟೂ ಅನುಮಾನಿಸದೆ ಹೋದವು. ಕೊತ್ತಂಬರಿಯ ಮೇಲೆ ಹಾದು, ಕುಸುಬಿಯ ಮೇಲೆ ಹಾದು, ಉಳ್ಳಾಗಡ್ಡಿಯ ಬಿಳಿ ಹೂಗೊಂಚಲಿಗೆ ಹೋಗಿ, ಅರೆಹೊಟ್ಟೆಯಲ್ಲಿ ಮರಳಿ ಬಂದವು. ಬಂದವೇ ನಟುವನ ಕುಣಿತ ನೋಡಿ ಮತ್ತೆ ಹೋದವು. ತಮ್ಮ ನಾಲಿಗೆಯ ಸಾಕ್ಷಿಗಿಂತ ಗೂಡಿನ ಮಾತೇ ದೊಡ್ಡದೆಂದು ನಂಬಿ ಹೋದವು.

ಮೂರನೆಯ ದಿನ ದಾವಲಬಿ ಹೊಲದ ಬದುವಿನಲ್ಲಿ ಪೆಟ್ಟಿಗೆಯೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನನ್ನು ನೋಡಿ ಕೇಳಿದರು, "ಏನ ತಂಗಿ ಇದು? ಕೊತ್ತಂಬರಿ ಬಿಟ್ಟು ಉಳ್ಳಾಗಡ್ಡಿಗೆ ಹೊಂಟಾವಲ್ಲ? ನನ್ನ ಜನ್ಮದಾಗ ಕಂಡಿಲ್ಲ."

"ಈ ವರ್ಷ ಉಳ್ಳಾಗಡ್ಡಿ ರಸ ಚಲೋ ಐತಿ ಅಂತ ಕಾಣತೈತಿ ಚಾಚಿ," ಅಂದೆ. ಪೆಟ್ಟಿಗೆಯ ಮುಂದೆಯೇ ನಿಂತಿದ್ದೆ.

"ಇರಬೇಕ ಬಿಡು. ಹುಳ ಹೇಳತಾವ, ನೀನೂ ಹೇಳತಿ," ಎಂದು ಎದ್ದು ಸೀರೆ ಝಾಡಿಸಿಕೊಂಡರು.

ಹನ್ನೆರಡನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಗೋದಾಮಿನ ತೆರೆಯ ಮೇಲೆ ಗುದ್ದಿನ ಎಣಿಕೆ ಏರತೊಡಗಿತು. ದಿನಕ್ಕೆ ಐದು ಇರುತ್ತಿದ್ದುದು ಒಂದು ತಾಸಿನಲ್ಲಿ ಮುನ್ನೂರು. ಯಂತ್ರ ಕೆಟ್ಟಿದೆ ಅಂದುಕೊಂಡೆ. ಕ್ಯಾಮೆರಾ ಹಾಕಿ ನೋಡಿದರೆ, ಗೂಡಿಗೆ ಮರಳಿದ ಹುಳಗಳು ನಡುಗುತ್ತ, ಬಿದ್ದು ಹೊರಳುತ್ತ, ಸಾಯುವ ಮೊದಲು ನಟುವನಿಗೆ ತಲೆ ಗುದ್ದುತ್ತಿದ್ದವು. ಬೇಡ, ಬೇಡ, ಅಲ್ಲಿಗೆ ಕರೆಯಬೇಡ. ಜೀವವಿದ್ದ ಯಾವ ಹುಳವಾದರೂ ನಿಲ್ಲುತ್ತಿತ್ತು. ನಟುವ ನಿಲ್ಲಲಿಲ್ಲ. 'ಬೇಡ' ಎಂಬ ಮಾತು ಕೇಳಿಸಿಕೊಳ್ಳುವುದನ್ನು ನಾವು ಅವನಿಗೆ ಕಲಿಸಿರಲೇ ಇಲ್ಲ.

ಗುಂಡಿ ಒತ್ತಿ ನಿಲ್ಲಿಸಿ, ಗುಡಗುಂಟಿಯವರ ಕೋಣೆಗೆ ಓಡಿದೆ. ಉಳ್ಳಾಗಡ್ಡಿಗೆ ನುಸಿ ಬಿದ್ದಿತ್ತು, ಕಂಪನಿಯವರು ಬೆಳಗ್ಗೆ ಔಷಧ ಹೊಡೆಸಿದ್ದರು. ಹೊಡೆಸುತ್ತೇವೆಂದು ಹಿಂದಿನ ದಿನ ಮಧ್ಯಾಹ್ನವೇ ಇವರಿಗೆ ಹೇಳಿದ್ದರು.

"ಒಂದು ದಿನ ನಿಲ್ಲಿಸಿದ್ರ ಪ್ರಯೋಗದ ಸಾಲು ತುಂಡಾಗ್ತಿತ್ತು," ಅಂದರು, ನನ್ನ ಮುಖ ನೋಡದೆ. "ಸ್ವಲ್ಪ ಹುಳ ಹೋಗ್ತಾವ, ಮತ್ತ ಹುಟ್ಟತಾವ."

"ಕಾಗದ ಎಲ್ಲಿ ಅದ ಸರ್? ಬರದು ಕೊಟ್ಟಾರ ಅಂದಿದ್ರಲ್ಲ?"

"ಬಾಯಿಮಾತಿನಾಗ ಹೇಳಿದ್ರು."

ಎಂಟು ವರ್ಷ ಆ ಮನುಷ್ಯನ ಕೈಕೆಳಗೆ ಕೆಲಸ ಮಾಡಿದ್ದೆ, ಗುರು ಎಂದು ಕಾಲುಮುಟ್ಟಿ ನಮಸ್ಕಾರ ಮಾಡಿದ್ದೆ. ಮೋಸ ಹೋದೆ ಎಂದು ಗೋದಾಮಿನ ಹಿಂದೆ ನಿಂತು ಅತ್ತೆ. ಅಳುತ್ತಿರುವಾಗಲೇ ಹೊಳೆಯಿತು, ಹಾಗೆ ಅಳುವ ಹಕ್ಕು ನನಗಿಂತ ಮೊದಲು ಯಾರಿಗಿದೆ ಎಂದು. ಅಂದೇ ರಾಜೀನಾಮೆ ಬರೆದು ಕೊಟ್ಟೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಪೆಟ್ಟಿಗೆಗಳ ಮುಂದೆ ಬಿದ್ದ ಹುಳಗಳನ್ನು ದಾವಲಬಿ ಮೊರದಲ್ಲಿ ತುಂಬಿದರು. ಯಾರೋ ಹೇಳದೆ ಕೇಳದೆ ಔಷಧ ಹೊಡೆದರು ಎಂದಷ್ಟೇ ಅವರು ತಿಳಿದಿದ್ದರು. ನಾನು ಬಾಯಿ ಬಿಡಲಿಲ್ಲ. ಉಳಿದ ಹುಳ ಚೇತರಿಸಿಕೊಂಡಾವು, ಆಮೇಲೆ ಹೇಳೋಣ ಎಂದು ದಿನ ದೂಡಿದೆ. ಅವು ಚೇತರಿಸಿಕೊಳ್ಳಲಿಲ್ಲ. ಸುತ್ತ ಕುಸುಬಿ ಹೂವಾಗಿತ್ತು, ಬೇವು ಬಿಡಲಿತ್ತು. ಒಂದು ಹುಳ ಹೊಟ್ಟೆತುಂಬ ರಸ ತಂದು, ಹಿಗ್ಗಿನಿಂದ ಎರಡು ಹೆಜ್ಜೆ ಕುಣಿಯುತ್ತಿತ್ತು. ಅಷ್ಟರಲ್ಲಿ ನಾಲ್ಕು ಕಡೆಯಿಂದ ಗುದ್ದು. ಅಲ್ಲಿರುವುದು ನಿಜವಾದ ಹೂವು, ಕರೆಯುತ್ತಿರುವುದು ಒಡಹುಟ್ಟಿದ ಅಕ್ಕ. ಆದರೂ ಗುದ್ದು. ಯಾರ ಮಾತನ್ನೂ ಯಾರೂ ಕೇಳದ ಗೂಡಾಯಿತು ಅದು. ಒಂದೊಂದೇ ಹುಳ ತನ್ನ ಪಾಡಿಗೆ ತಾನು ಹುಡುಕಿ ತಂದರೆ ಗೂಡಿನ ಹೊಟ್ಟೆ ತುಂಬುತ್ತದೆಯೇ? ಹೂವಿನ ನಡುವೆಯೇ ಪೆಟ್ಟಿಗೆಗಳು ಹಸಿದು ಖಾಲಿಯಾಗತೊಡಗಿದವು. ಹೊಸದಾಗಿ ಹುಟ್ಟಿದವು ಕುಣಿತವನ್ನೇ ನೋಡದೆ ಬೆಳೆದವು.

ನಲವತ್ತು ಹತ್ತೊಂಬತ್ತಾದ ದಿನ ದಾವಲಬಿ ನನ್ನ ಬಾಡಿಗೆ ಮನೆಗೆ ಬಂದರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಗುದ್ದು ಯಾಕ ಹಿಂಗ ಹೆಚ್ಚಾಗೇತಿ ತಂಗಿ? ಔಷಧದ ಹುಳ ಎಲ್ಲಾ ಆವತ್ತ ಸತ್ತಾವ. ಇವಕ್ಕ ಏನಾಗೇತಿ?"

ಇನ್ನು ಮುಚ್ಚಿಡಲು ಆಗಲಿಲ್ಲ. "ಅವು ಕುಣಿತ ನಂಬವಲ್ಲವು ಚಾಚಿ."

"ಯಾಕ? ಸುಳ್ಳು ಹೇಳಿದವರ ಯಾರ ಅವಕ್ಕ?"

"ನಟುವ."

"ನಟುವಗ ಯಾರ ಹೇಳಿದ್ರ?"

"ನಾನ," ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. "ಉಳ್ಳಾಗಡ್ಡಿ ರಸ ಚಲೋ ಐತಿ ಅಂದಿದ್ರಿ," ಎಂದರು. ಆ 'ಅಂದಿದ್ರಿ' ಕೇಳಿದಾಗಲೇ ನನಗೆ ಗೊತ್ತಾಯಿತು. ಎದ್ದು ಸೆರಗು ತಲೆಗೆ ಹೊದ್ದು, "ಬರ್ತೇನ್ರಿ ಮೇಡಂ," ಎಂದು ಹೊರಟುಹೋದರು.

ಮರುದಿನ ನಾನೇ ಅವರ ಹಿತ್ತಲಿಗೆ ಹೋದೆ. ಕುಣಿತ ಉಳಿಸಲು ಒಂದೇ ದಾರಿ ಹೊಳೆದಿತ್ತು. ಎರಡು ಜೇನು ಕುಟುಂಬ ಒಂದು ಮಾಡುವಾಗ ನಡುವೆ ಒಂದು ಪತ್ರಿಕೆಯ ಹಾಳೆ ಹಾಕುತ್ತಾರೆ. ಒಮ್ಮೆಲೇ ಕೂಡಿಸಿದರೆ ಹೊಡೆದಾಡಿ ಸಾಯುತ್ತವೆ. ಹಾಳೆ ಇದ್ದರೆ ಎರಡೂ ಕಡೆಯಿಂದ ಕಡಿದು ಕಡಿದು ತೂತು ಮಾಡುವಷ್ಟರಲ್ಲಿ ವಾಸನೆ ಬೆರೆತು ಒಂದೇ ಮನೆಯವಾಗಿರುತ್ತವೆ. ನಟುವನನ್ನು ಕಾಣದ ಗೂಡು ಒಂದೇ ಒಂದು ಉಳಿದಿತ್ತು, ಅತ್ತಿ ಪೆಟಿಗಿ. ಅಲ್ಲಿ ಕುಣಿತ ಇನ್ನೂ ಜೀವಂತವಿತ್ತು. ಅಲ್ಲಿಯ ಎರಿಗಳನ್ನು ಹುಳ ಸಮೇತ ಹಂಚಿದರೆ ಆ ಹಿರಿಯರು ಉಳಿದವಕ್ಕೆ ಕಲಿಸುತ್ತಾರೆ.

"ಮುದುಕಿನ್ನ ಮುರದು ಹಂಚಬೇಕೇನ್ರಿ?" ಎಂದರು ದಾವಲಬಿ. ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟರು. ದಿನಾ ಮಧ್ಯಾಹ್ನ ಅದನ್ನು ತೆರೆದು, ಎಲ್ಲಿ ಏನು ಹೂವಾಗಿದೆ ಎಂದು ಅವುಗಳ ಬಾಯಿಂದಲೇ ಕೇಳಿ, ಒಬ್ಬರೇ ಉಣ್ಣುತ್ತಿದ್ದ ಹೆಂಗಸು ಅವರು. ಅವರ ಪಾಲಿಗೆ ಉಳಿದಿದ್ದ ಮಾತು ಅದೊಂದೇ.

"ಬ್ಯಾರೆ ಹಾದಿ ಇಲ್ಲ ಚಾಚಿ."

"ಮಾಡ್ರಿ ಹಂಗಾರ."

ಅತ್ತಿ ಪೆಟಿಗಿ ಬಿಟ್ಟು ಉಳಿದ ಹದಿನೆಂಟು ಪೆಟ್ಟಿಗೆಗಳನ್ನು ಕೂಡಿಸಿ ಆರು ಮಾಡಿದೆವು. ಆರಕ್ಕೂ ಅತ್ತಿ ಪೆಟಿಗಿಯ ಒಂದೊಂದು ಎರಿ, ನಡುವೆ ಹಾಳೆ. ಮುದುಕಿಯ ಮನೆ ಬರಿದಾಗಬಾರದೆಂದು ಖಾಲಿಯಾದ ಜಾಗಕ್ಕೆ ಬೇರೆ ಪೆಟ್ಟಿಗೆಗಳ ಎರಿ ಇಡೋಣ ಎಂದೆ. ಅದೂ ನನ್ನದೇ ಬುದ್ಧಿ. ಎಲ್ಲವನ್ನೂ ದಾವಲಬಿ ತಮ್ಮ ಕೈಯಿಂದಲೇ ಮಾಡಿದರು. ಎರಡು ದಿನದಲ್ಲಿ ಪೆಟ್ಟಿಗೆಯ ಬಾಯಲ್ಲಿ ಕಾಗದದ ಚೂರು ಬಂದು ಬಿದ್ದವು. ತಿಂಗಳೊಳಗೆ ಪೆಟ್ಟಿಗೆಗಳು ತೂಕ ಬಂದವು. ಮಳೆ ಬಿತ್ತು, ಸೂರ್ಯಪಾನ ಬಿತ್ತಿದರು, ಶ್ರಾವಣಕ್ಕೆ ಹೊಲಗಳೆಲ್ಲ ಹಳದಿಯಾದವು.

ಆಗ ದಾವಲಬಿ ಹೇಳಿ ಕಳಿಸಿದರು. ಹೋದೆ.

"ಜೇನು ತುಂಬಾಕತ್ತೈತಿ. ಕುಣಿಯೂದು ಮಾತ್ರ ಕಾಣವಲ್ದು. ಅತ್ತಿ ಪೆಟಿಗ್ಯಾಗೂ ಕಾಣವಲ್ದು."

ಅವರ ಅಪ್ಪಣೆ ಕೇಳಿ, ಮುಚ್ಚಿದ ಪೆಟ್ಟಿಗೆಯೊಳಗೆ ಸಣ್ಣ ಕ್ಯಾಮೆರಾ ಇಟ್ಟೆ. ಮೊಬೈಲಿನಲ್ಲಿ ನೋಡಿದರೆ ಒಳಗೆ ಸಂತೆಯ ಸಡಗರ. ಹತ್ತಾರು ಹುಳ ಕುಣಿಯುತ್ತಿದ್ದವು, ಅಚ್ಚುಕಟ್ಟಾಗಿ, ಹಳೆಯ ಹದದಲ್ಲೇ. "ಉಳದೈತಿ ಚಾಚಿ, ಕುಣಿತ ಉಳದೈತಿ!" ಅಂದೆ. ದಾವಲಬಿ ಲಗುಬಗೆಯಿಂದ ಬಂದು ಮುಚ್ಚಳಕ್ಕೆ ಕೈ ಹಾಕಿದರು. ಅರ್ಧ ತೆರೆದಿರಲಿಲ್ಲ, ಎಲ್ಲ ಮೂಲೆಯಿಂದ ಗುದ್ದು ಶುರುವಾಯಿತು. ಕುಣಿಯುತ್ತಿದ್ದ ಒಂದೊಂದು ಹುಳವೂ ನಿಂತಿತು. ಎರಿ ಎತ್ತಿ ಹಿಡಿದರೆ ಎಲ್ಲ ಸ್ತಬ್ಧ. ಕಚ್ಚಲಿಲ್ಲ, ಮೇಲೆ ಏರಿ ಬರಲಿಲ್ಲ, ಸುಮ್ಮನೆ ನಿಂತಿದ್ದವು.

ಅವರು ದೂರ ಹೋದ ಮೇಲೆ ಅದೇ ಪೆಟ್ಟಿಗೆಯನ್ನು ನಾನು ಕೈಗವಸು ಹಾಕಿಕೊಂಡು ತೆರೆದೆ. ಕುಣಿತ ನಿಲ್ಲಲಿಲ್ಲ. ಮತ್ತೆ ಅವರು ಬಂದರು, ನಿಂತಿತು. ನಾನು ತೆರೆದೆ, ನಡೆಯಿತು. ಏಳೂ ಪೆಟ್ಟಿಗೆಯಲ್ಲಿ ಹೀಗೇ. ದಾವಲಬಿ ಸೀಗೆಪುಡಿ ಹಾಕಿ ಕೈ ತಿಕ್ಕಿ ತೊಳೆದು ಬಂದರು, ನನ್ನ ಕೈಗವಸು ಹಾಕಿಕೊಂಡು ನೋಡಿದರು. ಆಗಲೂ ಕುಣಿತ ನಿಂತಿತು. ಉಸಿರಿನಲ್ಲಿ, ಸೀರೆಯಲ್ಲಿ, ಬೆವರಿನಲ್ಲಿ ಇರುವ ವಾಸನೆಯನ್ನು ಎಲ್ಲಿ ಬಚ್ಚಿಡುವುದು?

ಹುಳದ ಆಯುಷ್ಯ ಹೆಚ್ಚೆಂದರೆ ಎರಡು ತಿಂಗಳು. ನಟುವನನ್ನು ಕಂಡ ಹುಳ ಒಂದೂ ಈಗ ಬದುಕಿರಲಿಲ್ಲ. ಆದರೆ ಸುಳ್ಳು ಹೇಳಿದ ಆ ಮೇಣದ ಹುಳಕ್ಕೆ ಯಾರ ಅಂಗೈಯ ವಾಸನೆ ಇತ್ತು ಎಂಬುದನ್ನು ಅವು ಸಾಯುವ ಮೊದಲು ಕಿರಿಯರಿಗೆ ಕಲಿಸಿ ಹೋಗಿದ್ದವು. ಅತ್ತಿ ಪೆಟಿಗಿಯ ಹಿರಿಯರು ಕುಣಿತ ಕಲಿಸಿದರು. ಬದಲಿಗೆ ಈ ಪಾಠವನ್ನು ಉಳಿದವರಿಂದ ಕಲಿತುಕೊಂಡರು. ದಾವಲಬಿಯನ್ನು ನಂಬುತ್ತಿದ್ದ ಕೊನೆಯ ಗೂಡಿಗೂ ನಾನೇ ಹಾಳೆ ಹಾಕಿ, ಆ ಮಾತು ತಲುಪಿಸಿದ್ದೆ.

ಇಷ್ಟನ್ನೂ ಅವರಿಗೆ ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ. ಅವರು ಕೇಳುತ್ತ ಕೇಳುತ್ತ ಎರಡೂ ಅಂಗೈ ಮುಖದ ಹತ್ತಿರ ತಂದು ಮೂಸಿ ನೋಡಿಕೊಂಡರು.

"ಮೇಣ ನಾನ ನಾದಿದ್ದೆ," ಎಂದರು. ಅಷ್ಟೇ.

ಆಮೇಲೆ ಎದ್ದು ಹಿತ್ತಲ ಬಾಗಿಲ ಆಚೆ, ಗಾಳಿ ತಮ್ಮ ವಾಸನೆಯನ್ನು ಪೆಟ್ಟಿಗೆಗೆ ಒಯ್ಯದ ಕಡೆ ಹೋಗಿ ನಿಂತರು. ಮೂವತ್ತು ವರ್ಷ ತಮ್ಮದಾಗಿದ್ದ ಹಿತ್ತಲಿನ ಹೊರಗೆ. ಅಲ್ಲಿಂದಲೇ ಕೂಗಿದರು, "ಅತ್ತಿ ಪೆಟಿಗಿ ತೆಗೀರಿ ಮೇಡಂ. ಏನಂತಾವ ನೋಡಿ ಹೇಳ್ರಿ."

ಕೈಗವಸು ಹಾಕಿಕೊಂಡು ತೆರೆದೆ. ಎರಿಯ ನಡುವೆ ಒಂದು ಹುಳ ಕುಣಿಯುತ್ತಿತ್ತು, ಸುತ್ತ ಐದಾರು ಎಳೆಯವು ಹೆಜ್ಜೆ ಹಾಕುತ್ತಿದ್ದವು. ಹಿಂದೆ ಅವರೇ ಕಲಿಸಿದ್ದ ಹಾಗೆ ಸೂರ್ಯನ ಕಡೆ ಕಣ್ಣು ಹಾಯಿಸಿ, ಗೆರೆ ನೋಡಿ, ಅದು ಅಲುಗಿದ ಹೊತ್ತನ್ನು ಉಸಿರಿನಲ್ಲಿ ಎಣಿಸಿದೆ.

"ಹನುಮಪ್ಪನ ಗುಡಿ ದಾಟಿ ಎಡಕ್ಕ, ಕೆಂಚಪ್ಪನ ಹೊಲದಾಗ ಸೂರ್ಯಪಾನ," ಎಂದು ಕೂಗಿ ಹೇಳಿದೆ. "ತುಂಬಾ ರಸ ಐತಂತ ಚಾಚಿ."

ದಾವಲಬಿ ಅಲ್ಲಿಂದಲೇ ನನ್ನ ಮುಖವನ್ನು ನೋಡಿದರು.

"ಖರೇ ಏನ್ರಿ ಮೇಡಂ?"

"ಖರೇನ ಚಾಚಿ."

ಅವರು ತಲೆ ಆಡಿಸಿದರು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ಸೆರಗು ತಲೆಗೆ ಹೊದ್ದು, ಹೂವು ಇದೆಯೋ ಇಲ್ಲವೋ ತಾವೇ ನೋಡಿ ಬರಲು ಕೆಂಚಪ್ಪನ ಹೊಲದ ಕಡೆ ನಡೆದರು.